ಹಿನ್ನೀರಿನಡಿಯ ಊರನ್ನು ಅಳೆಯುವುದು ಹೇಗೆ?

ಬಾಗಲಕೋಟೆ: ಬೇಸಿಗೆ ಬಲಿತು ಆಲಮಟ್ಟಿ ಜಲಾಶಯದ ನೀರು ಇಳಿಯತೊಡಗಿದಂತೆ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ದಂಡೆಯಲ್ಲಿ ಹಳೆಯ ಊರುಗಳು ಮತ್ತೆ ತಲೆಯೆತ್ತುತ್ತವೆ. ಮನೆಗಳ ಅಡಿಪಾಯ, ಬಾವಿಯ ಕಟ್ಟೆ, ಗುಡಿಯ ಜಗಲಿ, ಹೊಳೆಗಿಳಿಯುವ ಮೆಟ್ಟಿಲು, ಇವುಗಳ ಮೇಲೆ ಒಣಗಿ ಬಿರುಕುಬಿಟ್ಟ ಕೆಸರಿನ ಪದರ. ಹುಟ್ಟಿದ ಮನೆಯ ಹೊಸ್ತಿಲು ಎಲ್ಲಿತ್ತೆಂದು ಹುಡುಕುತ್ತ ಬರುವವರೂ ಉಂಟು. ಸಹ್ಯಾದ್ರಿಯಲ್ಲಿ ಮುಂಗಾರು ಹಿಡಿದು ಕೃಷ್ಣೆಗೆ ಕೆಂಪು ನೀರು ಬಂದ ಕೆಲವೇ ವಾರಗಳಲ್ಲಿ ಎಲ್ಲವೂ ಪುನಃ ಮರೆಯಾಗುತ್ತದೆ.

ಪ್ರತಿ ವರ್ಷ ನಡೆಯುವ ಈ ಮುಳುಗು-ತೇಲಿನ ನಡುವೆ ಒಂದು ಕೆಲಸ ಮಾತ್ರ ಬಾಕಿ ಉಳಿದಿದೆ. ನೀರಿನಡಿ ಏನೇನಿದೆ, ಎಷ್ಟು ಆಳದಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಕ್ರಮಬದ್ಧವಾದ ಅಳತೆ ಅದು. ಇದಕ್ಕೆ ವಿದ್ವತ್ ಲೋಕ ಇಟ್ಟಿರುವ ಹೆಸರು ಜಲಾಂತರ್ಗತ ಪುರಾತತ್ವ. ಹೆಸರು ಕೇಳಿದೊಡನೆ ಸಮುದ್ರದ ತಳದಲ್ಲಿ ಬಿದ್ದ ಹಡಗು, ಅದರೊಳಗಿನ ಚಿನ್ನದ ನಾಣ್ಯಗಳು ಕಣ್ಣಮುಂದೆ ಬರುವುದು ಸಹಜ. ಕಡಲಿನಿಂದ ನೂರಾರು ಕಿಲೋಮೀಟರ್ ದೂರವಿರುವ ಬಾಗಲಕೋಟೆಗೂ ಈ ಶಾಸ್ತ್ರಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಸರಳವಾಗಿದೆ. ಜಲಾಶಯವೂ ನೀರೇ, ಮುಳುಗಿದ ಊರೂ ಪುರಾವೆಯೇ.

ಮುಳುಗಡೆಯ ಹಿನ್ನೆಲೆ

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ್ದು 1964ರ ಮೇ 22ರಂದು. ಅವರು ಪ್ರಧಾನಿಯಾಗುವುದಕ್ಕೆ ಆಗ ಕೆಲವೇ ದಿನಗಳಿದ್ದವು. ಕಾಮಗಾರಿ ದಶಕಗಳ ಕಾಲ ಕುಂಟುತ್ತ ಸಾಗಿ, 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ರಚನೆಯಾದ ಮೇಲೆ ವೇಗ ಪಡೆಯಿತು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಅನುಮತಿ ನೀಡಿತು. ಜಲಾಶಯ ತುಂಬಿದಂತೆ ಬಾಗಲಕೋಟೆಯ ತಗ್ಗು ಪ್ರದೇಶ, ಕೃಷ್ಣೆಯ ಆಚೆ ದಡದ ಹಳೆಯ ಕೊಲ್ಹಾರ, ಬೀಳಗಿ ಭಾಗದ ಹಲವು ಹಳ್ಳಿಗಳು ಹಿನ್ನೀರಿನ ಪಾಲಾದವು. ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋದರು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳು ಇಂದಿಗೂ ಹೋಳಿ ಹಬ್ಬದ ಬಣ್ಣದ ಬಂಡಿಗಳ ಜೊತೆ ಮೊಳಗುತ್ತವೆ. ಬೀದಿ ಕಳೆದುಕೊಂಡವರೂ ಓಣಿಯ ಹೆಸರನ್ನು ಬಿಟ್ಟುಕೊಟ್ಟಿಲ್ಲ.

ಈ ನಾಡಿನ ನದೀತೀರಗಳು ಪುರಾತತ್ವದ ದೃಷ್ಟಿಯಿಂದ ಬರಡು ನೆಲವಲ್ಲ. ಘಟಪ್ರಭೆಯ ದಂಡೆಯ ಅನಗವಾಡಿಯಲ್ಲಿ ಹಳೆ ಶಿಲಾಯುಗದ ಕಲ್ಲಿನ ಉಪಕರಣಗಳು ದೊರೆತಿವೆ. ಪುರಾತತ್ವಜ್ಞ ಆರ್.ಎಸ್. ಪಪ್ಪು ಅವರು ಮೇಲ್ಕೃಷ್ಣಾ ಕೊಳ್ಳದ ಬಗ್ಗೆ ಬರೆದ ಗ್ರಂಥ 1974ರಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನ, 1955ರಲ್ಲಿ, ಆರ್.ವಿ. ಜೋಶಿಯವರು ಮಲಪ್ರಭಾ ಕೊಳ್ಳದ ಅಧ್ಯಯನವನ್ನು ಹೊರತಂದಿದ್ದರು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಚಾಲುಕ್ಯ ವೈಭವ ಎಲ್ಲರಿಗೂ ತಿಳಿದದ್ದೇ. ಆದರೆ ಆ ವೈಭವಕ್ಕೆ ಅನ್ನ ಹಾಕಿದ ಸಣ್ಣ ಊರುಗಳು, ಕಡವುಗಳು, ಸಂತೆಯ ದಾರಿಗಳು ನದಿಯ ಅಂಚಿನಲ್ಲೇ ಇದ್ದವು. ಮುಳುಗುವುದಾದರೆ ಮೊದಲು ಮುಳುಗುವವು ಅವೇ.

ಸಂಗಮದ ಬಾವಿ

ಹುನಗುಂದ ಭಾಗದ ಕೂಡಲಸಂಗಮಕ್ಕೆ ಬಂದರೆ ಕಥೆ ಬೇರೆ ತಿರುವು ಪಡೆಯುತ್ತದೆ. ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಈ ಸ್ಥಳ ಆಲಮಟ್ಟಿಯ ಕೆಳಗೆ, ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರಿನಲ್ಲಿದೆ. ಬಸವಣ್ಣನವರ ಐಕ್ಯಸ್ಥಳ ಮುಳುಗುವ ಪ್ರಸಂಗ ಬಂದಾಗ ಅದನ್ನು ಕಿತ್ತು ಮೇಲಕ್ಕೆ ಸಾಗಿಸಲಿಲ್ಲ. ಲಿಂಗವಿದ್ದ ಸ್ಥಳವನ್ನು ಇದ್ದಲ್ಲೇ ಇರಿಸಿ, ಅದರ ಸುತ್ತ ಬಾವಿಯಂಥ ದುಂಡು ಗೋಡೆಯನ್ನು ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಕಟ್ಟಲಾಯಿತು. ಇಂದು ಯಾತ್ರಿಕರು ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು ಹಳೆಯ ನೆಲವನ್ನು ಮುಟ್ಟುತ್ತಾರೆ. ಗೋಡೆಯ ಆಚೆ ಬದಿಗೆ ಅವರ ತಲೆಯ ಮೇಲಿನ ಎತ್ತರದಲ್ಲಿ ನೀರು ನಿಂತಿರುತ್ತದೆ.

ಕೃಷ್ಣಾ ಕೊಳ್ಳದಲ್ಲೇ ಇದಕ್ಕೆ ತದ್ವಿರುದ್ಧವಾದ ಉದಾಹರಣೆಗಳೂ ಇವೆ. ಶ್ರೀಶೈಲಂ ಜಲಾಶಯಕ್ಕಾಗಿ ಬಾದಾಮಿ ಚಾಲುಕ್ಯರ ಕಾಲದ ಕೂಡಲಿ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮರುನಿರ್ಮಿಸಲಾಯಿತು. ನಾಗಾರ್ಜುನಸಾಗರ ತುಂಬುವುದಕ್ಕೆ ಮುಂಚೆ, 1954ರಿಂದ 1960ರವರೆಗೆ, ನಾಗಾರ್ಜುನಕೊಂಡದ ಕಣಿವೆಯಲ್ಲಿ ದೊಡ್ಡ ಪ್ರಮಾಣದ ಉತ್ಖನನ ನಡೆದು ಅವಶೇಷಗಳನ್ನು ಗುಡ್ಡದ ಮೇಲಕ್ಕೆ ಒಯ್ಯಲಾಯಿತು. ಆ ಗುಡ್ಡ ಈಗ ದ್ವೀಪ. ಕಟ್ಟಡವನ್ನು ಉಳಿಸಿಕೊಂಡು ಸ್ಥಳವನ್ನು ಬಿಡುವುದು ಒಂದು ಮಾರ್ಗ, ಸ್ಥಳವನ್ನು ಹಿಡಿದುಕೊಂಡು ನೀರನ್ನು ತಡೆಯುವುದು ಇನ್ನೊಂದು. ಎರಡೂ ದುಬಾರಿ. ಪ್ರಸಿದ್ಧ ದೇವಾಲಯಕ್ಕೂ ಮಹಾಪುರುಷರ ಸಮಾಧಿಗೂ ಮಾತ್ರ ಆ ಭಾಗ್ಯ. ಸಾಮಾನ್ಯರ ಮನೆ, ಗರಡಿ, ಅಗಸೆ ಬಾಗಿಲು, ಕಡವಿನ ಕಟ್ಟೆಗಳಿಗೆ ಉಳಿಯುವುದು ಮೂರನೆಯ ಮಾರ್ಗ ಒಂದೇ: ಅಳೆದು, ಚಿತ್ರಿಸಿ, ದಾಖಲಿಸಿ ಬಿಡುವುದು.

ಹವ್ಯಾಸಿಗಳ ಪಾಲು

ಅಳತೆಯ ಈ ಕೆಲಸವನ್ನು ಜಗತ್ತಿನ ಅನೇಕ ಕಡೆ ಸ್ವಯಂಸೇವಕರೇ ಮಾಡಿದ್ದಾರೆ ಎಂಬುದು ಗಮನಾರ್ಹ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಯುದ್ಧನೌಕೆಯನ್ನು 1971ರಲ್ಲಿ ಪತ್ತೆಹಚ್ಚಿದ್ದು ಹವ್ಯಾಸಿ ಮುಳುಗುಗಾರರ ತಂಡ. 1982ರ ಅಕ್ಟೋಬರ್‌ನಲ್ಲಿ ಅದನ್ನು ಮೇಲೆತ್ತುವ ಹೊತ್ತಿಗೆ ಸುಮಾರು 500 ಮಂದಿ ಸ್ವಯಂಸೇವಕರು ಹತ್ತಿರ ಹತ್ತಿರ 28 ಸಾವಿರ ಬಾರಿ ನೀರಿಗಿಳಿದಿದ್ದರು. ಬ್ರಿಟನ್ನಿನ ನಾಟಿಕಲ್ ಆರ್ಕಿಯಾಲಜಿ ಸೊಸೈಟಿ ಇಂಥವರಿಗೆ ಶಾಸ್ತ್ರೀಯ ತರಬೇತಿ ನೀಡುತ್ತ ಬಂದಿದೆ.

ಹವ್ಯಾಸಿಗಳ ಆಸಕ್ತಿ ರಾಜಮಹಾರಾಜರ ನೌಕೆಗಳಿಗೆ ಸೀಮಿತವಾಗಿಲ್ಲ. ಸರಕಿನ ದೋಣಿ, ಎಳೆಯುವ ದೋಣಿ, ಬಂದರಿನ ಬೆಂಕಿ ಆರಿಸುತ್ತಿದ್ದ ಅಗ್ನಿಶಾಮಕ ದೋಣಿಗಳೂ ಅವರ ಪಟ್ಟಿಯಲ್ಲಿವೆ. ಲಂಡನ್ನಿನ ಥೇಮ್ಸ್ ನದಿಯಲ್ಲಿ 1935ರಿಂದ ಸೇವೆ ಸಲ್ಲಿಸಿ, 1940ರಲ್ಲಿ ಡನ್‌ಕರ್ಕ್‌ನಿಂದ ಸೈನಿಕರನ್ನು ಕರೆತಂದ ಮ್ಯಾಸಿ ಶಾ ಎಂಬ ಅಗ್ನಿಶಾಮಕ ದೋಣಿ ಇಂದಿಗೂ ಉಳಿದಿರುವುದು ಸ್ವಯಂಸೇವಕರ ಪಟ್ಟುಹಿಡಿದ ದುಡಿಮೆಯಿಂದ. ಅದೇ ಥೇಮ್ಸ್ ದಂಡೆಯಲ್ಲಿ 2008ರಿಂದ ಇನ್ನೊಂದು ಕಾರ್ಯಕ್ರಮ ನಡೆದಿದೆ. ಸಮುದ್ರದ ಇಳಿತದ ವೇಳೆ ನದಿಯ ಅಂಚು ಕೆಲವು ಗಂಟೆಗಳ ಕಾಲ ಬಯಲಾಗುತ್ತದೆ. ಆಗ ತರಬೇತಿ ಪಡೆದ ನಾಗರಿಕರು ರಬ್ಬರ್ ಬೂಟು ತೊಟ್ಟು ಇಳಿದು, ಹಳೆಯ ಕಟ್ಟೆ, ಮರದ ಗೂಟ, ಒಡೆದ ದೋಣಿಗಳನ್ನು ಅಳೆದು ಬರುತ್ತಾರೆ. ಮರುವರ್ಷ ಅದೇ ಜಾಗವನ್ನು ನೋಡಿ, ಎಷ್ಟು ಸವೆದಿದೆ ಎಂದು ಬರೆದಿಡುತ್ತಾರೆ. ಬಾಗಲಕೋಟೆಯ ಪರಿಸ್ಥಿತಿಗೆ ಮೇರಿ ರೋಸ್‌ಗಿಂತ ಈ ಮಾದರಿ ಹೆಚ್ಚು ಹತ್ತಿರದ್ದು. ವ್ಯತ್ಯಾಸ ಇಷ್ಟೇ, ಅಲ್ಲಿ ಇಳಿತ ದಿನಕ್ಕೆರಡು ಬಾರಿ, ಇಲ್ಲಿ ವರ್ಷಕ್ಕೊಂದು ಬಾರಿ.

ಭಾರತದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಕನ್ನಡಿಗರಾದ ಡಾ. ಶಿಕಾರಿಪುರ ರಂಗನಾಥ ರಾವ್ (1922-2013). ಲೋಥಲ್ ಉತ್ಖನನದಿಂದ ಹೆಸರಾದ ಎಸ್.ಆರ್. ರಾವ್ ಅವರು ಐಹೊಳೆಯಲ್ಲೂ ಉತ್ಖನನ ನಡೆಸಿದ್ದರು. ಮುಂದೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ವ ಕೇಂದ್ರವನ್ನು ಕಟ್ಟಿ, ದ್ವಾರಕೆಯ ಕಡಲಿನಲ್ಲಿ ಶೋಧ ನಡೆಸಿದರು. ಗೋವಾ ಸಮೀಪದ ಸುಂಚಿ ರೀಫ್‌ನಲ್ಲಿ ಪೋರ್ಚುಗೀಸ್ ಕಾಲದ ಹಡಗಿನ ಅವಶೇಷ, ಅದರೊಂದಿಗೆ ಆನೆದಂತ, ನೀರಾನೆಯ ಹಲ್ಲು, ತೋಪು, ಚೀನೀ ಪಿಂಗಾಣಿ ಸಿಕ್ಕಿದ್ದು ಈ ಸಂಸ್ಥೆಯ ತಜ್ಞರಿಗೆ. ಭಾರತೀಯ ಪುರಾತತ್ವ ಸರ್ವೇಕ್ಷಣಾಲಯದಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ 2001ರಲ್ಲಿ ಆರಂಭವಾಯಿತು. 2025ರ ಫೆಬ್ರುವರಿಯಲ್ಲಿ ಆ ವಿಭಾಗದ ಐವರ ತಂಡ ದ್ವಾರಕೆಯಲ್ಲಿ ಮತ್ತೆ ನೀರಿಗಿಳಿಯಿತು. ಗಮನವೆಲ್ಲ ಕಡಲಿನ ಕಡೆಗೇ ಇದೆ. ಒಳನಾಡಿನ ಜಲಾಶಯಗಳ ಸರದಿ ಬಂದಿಲ್ಲ.

ಅಳತೆಯ ಲೆಕ್ಕಾಚಾರ

ನೀರಿನಡಿಯ ಸರ್ವೆ ಎಂದರೆ ಅಗೆತವಲ್ಲ. ಯಾವ ವಸ್ತುವನ್ನೂ ಅಲುಗಿಸದೆ ಅದರ ಸ್ಥಾನವನ್ನು ಕಾಗದದ ಮೇಲೆ ತರುವ ಕ್ರಿಯೆ ಅದು. ಮೊದಲು ತಳದಲ್ಲಿ ಸ್ಥಿರವಾದ ಕೆಲವು ಗುರುತುಗಳನ್ನು ಆಯ್ದುಕೊಳ್ಳಲಾಗುತ್ತದೆ. ಅಳೆಯಬೇಕಾದ ಕಂಬವೋ ಕಲ್ಲೋ ಇದ್ದರೆ, ಮೂರು ಗುರುತುಗಳಿಂದ ಅದಕ್ಕಿರುವ ದೂರವನ್ನು ಟೇಪಿನಿಂದ ಅಳೆದು, ಜೊತೆಗೆ ಆಳವನ್ನು ಬರೆದುಕೊಂಡರೆ ಸಾಕು, ಅದರ ಸ್ಥಾನ ನಿಶ್ಚಿತವಾಗುತ್ತದೆ. ಪ್ಲಾಸ್ಟಿಕ್ ಹಾಳೆ, ಪೆನ್ಸಿಲ್, ಟೇಪು, ಆಳಮಾಪಕ ಇವಿಷ್ಟೇ ಸಲಕರಣೆ. ನೀರು ತಿಳಿಯಾಗಿದ್ದರೆ ಒಂದರ ಮೇಲೊಂದು ಬಹುಪಾಲು ಆವರಿಸುವಂತೆ ನೂರಾರು ಛಾಯಾಚಿತ್ರ ತೆಗೆದು, ಗಣಕಯಂತ್ರದಲ್ಲಿ ಜೋಡಿಸಿ ಮೂರು ಆಯಾಮದ ಪ್ರತಿರೂಪ ಪಡೆಯಬಹುದು. ನೀರು ಕದಡಿದ್ದರೆ ಕ್ಯಾಮೆರಾ ನಿಷ್ಪ್ರಯೋಜಕ. ಆಗ ದೋಣಿಗೆ ಕಟ್ಟಿ ಎಳೆಯುವ ಸೋನಾರ್ ಉಪಕರಣವೇ ಗತಿ. ಅದು ಶಬ್ದತರಂಗ ಕಳುಹಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ತಳದ ಚಿತ್ರ ಬಿಡಿಸುತ್ತದೆ. ಎರೆಮಣ್ಣಿನ ಸೀಮೆಯಾದ ಇಲ್ಲಿ ಮಳೆಗಾಲದ ನೀರಿನಲ್ಲಿ ಕೈಚಾಚಿದರೆ ಬೆರಳು ಕಾಣುವುದಿಲ್ಲ. ಆದ್ದರಿಂದ ನೀರಿಗಿಳಿಯುವ ಕೆಲಸವೇನಿದ್ದರೂ ಕೆಸರು ತಳಕ್ಕಿಳಿದ ಚಳಿಗಾಲದ ನಂತರ.

ಜಲಾಶಯಕ್ಕೆ ಸಮುದ್ರಕ್ಕಿಲ್ಲದ ಒಂದು ಅನುಕೂಲವಿದೆ. ನೀರಿನ ಮಟ್ಟವನ್ನು ಪ್ರತಿದಿನ ಅಳೆದು ಪ್ರಕಟಿಸಲಾಗುತ್ತದೆ. ಗುಡಿಯೊಂದರ ಜಗಲಿ ಸಮುದ್ರಮಟ್ಟದಿಂದ 514 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, ಜಲಾಶಯ 519.60 ಮೀಟರ್‌ಗೆ ತುಂಬಿದ ದಿನ ಅದರ ಮೇಲೆ 5.60 ಮೀಟರ್ ನೀರಿರುತ್ತದೆ. ಮಟ್ಟ 512ಕ್ಕೆ ಇಳಿದ ದಿನ ಅದೇ ಜಗಲಿ ನೀರಿನಿಂದ ಎರಡು ಮೀಟರ್ ಮೇಲಿರುತ್ತದೆ. ಅಂದರೆ ಹಳೆಯ ಭೂಪಟಗಳಿಂದ ಎತ್ತರ ತಿಳಿದಿರುವ ಪ್ರತಿಯೊಂದು ಕಟ್ಟಡವೂ ಯಾವ ತಿಂಗಳು ಬಯಲಾಗುತ್ತದೆ ಎಂದು ಮುಂಚಿತವಾಗಿಯೇ ಪಟ್ಟಿ ಮಾಡಲು ಸಾಧ್ಯ. ಮುಳುಗುಗಾರರ ಅಗತ್ಯ ಬೀಳುವುದು ಬೇಸಿಗೆಯಲ್ಲೂ ಬಯಲಾಗದ ಉಳಿಕೆಗೆ ಮಾತ್ರ.

ಆ ಉಳಿಕೆಯ ಕೆಲಸವನ್ನು ಹಗುರಾಗಿ ಭಾವಿಸುವಂತಿಲ್ಲ. ಪತ್ರಿಕೆಗಳು ವಾಡಿಕೆಯಾಗಿ ಬರೆಯುವ ‘ಆಮ್ಲಜನಕದ ಸಿಲಿಂಡರ್’ನಲ್ಲಿ ನಿಜಕ್ಕೂ ಇರುವುದು ಒತ್ತಿ ತುಂಬಿದ ಸಾಮಾನ್ಯ ಗಾಳಿ. ಆಳದಿಂದ ಅವಸರದಲ್ಲಿ ಮೇಲೇರಿದರೆ ಆ ಗಾಳಿಯ ಸಾರಜನಕ ರಕ್ತದಲ್ಲಿ ಗುಳ್ಳೆಯಾಗಿ ಪ್ರಾಣಕ್ಕೆ ಸಂಚಕಾರ ತರುತ್ತದೆ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂಬ ಕೋಷ್ಟಕಗಳು ಸಮುದ್ರಮಟ್ಟಕ್ಕೆ ಸಿದ್ಧಪಡಿಸಿದವು. ಸುಮಾರು 300 ಮೀಟರ್‌ಗಿಂತ ಎತ್ತರದ ಜಲಾಶಯಗಳಲ್ಲಿ ಅವನ್ನು ತಿದ್ದಿ ಬಳಸಬೇಕು. ಆಲಮಟ್ಟಿಯ ನೀರು ನಿಲ್ಲುವುದೇ 500 ಮೀಟರ್ ಮೇಲೆ. ಮುರುಡೇಶ್ವರದ ನೇತ್ರಾಣಿ ದ್ವೀಪದಲ್ಲಿ ಮುಳುಗಿ ಅಭ್ಯಾಸವಿರುವ ಬೆಂಗಳೂರಿನ ಹವ್ಯಾಸಿಗಳೂ ಇಲ್ಲಿ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಜೊತೆಗೆ ಮುಳುಗಿದ ಮರ, ಬೇಲಿಯ ತಂತಿ, ತೆರೆದ ಬಾವಿ, ಮೀನಿನ ಬಲೆ, ಯಾವ ಕ್ಷಣದಲ್ಲಾದರೂ ಕುಸಿಯಬಲ್ಲ ಮಣ್ಣಿನ ಗೋಡೆ. ಇಬ್ಬರಿಲ್ಲದೆ ಒಬ್ಬರು ಇಳಿಯಕೂಡದು ಎಂಬುದು ಮೊದಲ ನಿಯಮ.

ಗೊತ್ತಿದ್ದವರ ನೆರವು

ಯಂತ್ರಗಳಿಗಿಂತ ಮೊದಲು ಕೇಳಬೇಕಾದವರು ಹೊಳೆಯ ಜನ. ಬಲೆ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಮೀನುಗಾರರಿಗೂ ಅಂಬಿಗರಿಗೂ ಗೊತ್ತಿರುತ್ತದೆ. ಜಗತ್ತಿನ ಎಷ್ಟೋ ಹಡಗುಗಳು ಪತ್ತೆಯಾದದ್ದು ಹರಿದ ಬಲೆಯ ಸುಳಿವಿನಿಂದಲೇ. ಐಹೊಳೆಯ ಒಂದು ದೇವಾಲಯ ಸಮುಚ್ಚಯಕ್ಕೆ ಜನ ಅಂಬಿಗೇರ ಗುಡಿ ಎಂದೇ ಹೆಸರಿಟ್ಟಿದ್ದಾರೆ. ಕೆಂಪು ಗ್ರಾನೈಟಿಗೆ ಹೆಸರಾದ ಇಳಕಲ್ಲಿನ ಕಲ್ಲುಕುಟಿಗರು ಉಳಿಯ ಗುರುತು ನೋಡಿ ಕಲ್ಲು ಹೇಗೆ ಸೀಳಿದ್ದು ಎಂದು ಹೇಳಬಲ್ಲರು. ಇದು ಪದವಿಯಿಂದ ಬರುವ ವಿದ್ಯೆಯಲ್ಲ.

ಇನ್ನೊಂದು ಆಕರ ಸರ್ಕಾರದ ಕಪಾಟುಗಳಲ್ಲೇ ಇದೆ. ಭೂಸ್ವಾಧೀನದ ವೇಳೆ ಪರಿಹಾರ ನಿಗದಿಗಾಗಿ ಮನೆಗಳನ್ನು ಅಳೆದು, ಗೋಡೆ, ಮಾಳಿಗೆ, ತೊಲೆ, ಕಂಬಗಳ ಬೆಲೆ ಕಟ್ಟಲಾಗಿತ್ತು. ಸಂತ್ರಸ್ತರಿಗೆ ಕಣ್ಣೀರು ತರಿಸಿದ ಆ ಕಾಗದಗಳೇ ಇತಿಹಾಸಕಾರನಿಗೆ ಮುಳುಗಿದ ಊರಿನ ಅತ್ಯಂತ ವಿವರವಾದ ನಕ್ಷೆ. ಅಮೆರಿಕದ ಕರೋನಾ ಬೇಹುಗಾರಿಕೆ ಉಪಗ್ರಹಗಳು 1960ರ ದಶಕದಲ್ಲಿ ತೆಗೆದ ಚಿತ್ರಗಳೂ 1995ರಿಂದ ಸಾರ್ವಜನಿಕರಿಗೆ ಮುಕ್ತವಾಗಿವೆ. ಅಣೆಕಟ್ಟು ಕಟ್ಟುವ ಮುನ್ನಿನ ನದೀಕಣಿವೆಗಳನ್ನು ಅಧ್ಯಯನ ಮಾಡಲು ಪುರಾತತ್ವಜ್ಞರು ಅವನ್ನು ಬಳಸುತ್ತಿದ್ದಾರೆ.

ಎಲ್ಲಿ ಹಾನಿ ಹೆಚ್ಚು?

ನೀರಿನಡಿ ಇರುವುದು ಹಾಳಾಗುತ್ತದೆ, ಮೇಲಿರುವುದು ಉಳಿಯುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯು ಡೇನಿಯಲ್ ಲೆನಿಹಾನ್ ನೇತೃತ್ವದಲ್ಲಿ ಜಲಾಶಯಗಳಲ್ಲಿ ಮುಳುಗಿದ ಪ್ರಾಚೀನ ನೆಲೆಗಳ ಅಧ್ಯಯನ ನಡೆಸಿ 1981ರಲ್ಲಿ ಅಂತಿಮ ವರದಿ ನೀಡಿತು. ಅದರ ಪ್ರಕಾರ ಅತಿ ಹೆಚ್ಚು ಪೆಟ್ಟು ಬೀಳುವುದು ಆಳದ ತಳಕ್ಕಲ್ಲ, ನೀರು ಏರಿಳಿಯುವ ಅಂಚಿಗೆ. ಅಲೆಗಳು ಮಣ್ಣನ್ನು ತೊಳೆಯುತ್ತವೆ. ನೆನೆದು ಒಣಗಿ, ಒಣಗಿ ನೆನೆದು ಕಲ್ಲು ಸಡಿಲವಾಗುತ್ತದೆ. ಬಯಲಾದ ವಸ್ತುಗಳು ಕಂಡವರ ಪಾಲಾಗುತ್ತವೆ. ಆಳದಲ್ಲಿ ಕೆಸರು ಮುಚ್ಚಿದ್ದು ಎಷ್ಟೋ ವೇಳೆ ಸುರಕ್ಷಿತ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹೇಮಾವತಿಯ ಹಿನ್ನೀರಿನಲ್ಲಿ ವರ್ಷವರ್ಷವೂ ಮುಳುಗೇಳುವ ಆ ಕಟ್ಟಡ ಪ್ರವಾಸಿಗರಿಗೆ ಚಂದ ಕಾಣುತ್ತದೆ, ಅಷ್ಟರಲ್ಲೇ ಸ್ವಲ್ಪ ಸ್ವಲ್ಪವಾಗಿ ಕುಸಿಯುತ್ತಲೂ ಇದೆ. ಮರಳುಗಲ್ಲಿನ ಸ್ಮಾರಕಗಳೂ ಈ ಅಪಾಯದಿಂದ ದೂರವಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ, 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನುಗ್ಗಿತ್ತು.

ಕಾನೂನಿನ ಸ್ಥಿತಿ ಇನ್ನೊಂದು ತೊಡಕು. 2001ರಲ್ಲಿ ಅಂಗೀಕಾರವಾಗಿ 2009ರಲ್ಲಿ ಜಾರಿಗೆ ಬಂದ ಯುನೆಸ್ಕೋ ಒಪ್ಪಂದದಂತೆ, ಕನಿಷ್ಠ 100 ವರ್ಷ ನೀರಿನಡಿ ಇದ್ದುದಷ್ಟೇ ಜಲಾಂತರ್ಗತ ಪರಂಪರೆ. ಆ ಅಳತೆಗೋಲಿನಲ್ಲಿ ಹಳೆಯ ಬಾಗಲಕೋಟೆಯ ಕಟ್ಟಡ ಎಷ್ಟೇ ಪ್ರಾಚೀನವಾಗಿದ್ದರೂ ಇನ್ನೂ ಮುಕ್ಕಾಲು ಶತಮಾನ ಕಾಯಬೇಕು. ನಮ್ಮ ದೇಶದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಎಷ್ಟು ಕಾಲ ಮುಳುಗಿತ್ತೆಂದು ಕೇಳುವುದಿಲ್ಲ, ಎಷ್ಟು ಹಳೆಯದೆಂದು ಕೇಳುತ್ತದೆ. ಅದೇ ಕಾಯ್ದೆಯಂತೆ ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ರಾಜ್ಯ ಸರ್ಕಾರವೂ ಉತ್ಖನನ ನಡೆಸುವಂತಿಲ್ಲ. ಸ್ವಯಂಸೇವಕರು ಸಲಾಕೆ ಹಿಡಿಯುವ ಮಾತೇ ಇಲ್ಲ. ಅಳೆಯುವುದಕ್ಕೂ ಜಲ ನಿಗಮ ಮತ್ತು ಪುರಾತತ್ವ ಇಲಾಖೆಯ ಲಿಖಿತ ಒಪ್ಪಿಗೆ ಪಡೆದು, ತಜ್ಞರೊಬ್ಬರ ಮೇಲ್ವಿಚಾರಣೆಯಲ್ಲಿ ಇಳಿಯುವುದೇ ಕ್ಷೇಮ.

ಇನ್ನೂ ಒಣಗಿರುವ ಪಟ್ಟಿ

ಈ ವಿಷಯಕ್ಕೆ ಈಗ ಅವಸರ ಬಂದಿರುವುದಕ್ಕೆ ಕಾರಣವಿದೆ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣ 2010ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪು ಆಲಮಟ್ಟಿಯ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಅವಕಾಶ ಕೊಟ್ಟಿದೆ. ಅದಕ್ಕೆ ಬೇಕಾಗುವ ಭೂಮಿಗೆ ಎಕರೆಯೊಂದಕ್ಕೆ ನೀರಾವರಿಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಮುಳುಗಲಿರುವ ಭೂಮಿ ಸುಮಾರು 75 ಸಾವಿರ ಎಕರೆ. ರೈತನ ಪಾಲಿಗೆ ಪರಿಹಾರದ ಮೊತ್ತವೇ ಮುಖ್ಯ ಪ್ರಶ್ನೆ, ಅದು ನ್ಯಾಯವೂ ಹೌದು.

ಆದರೆ 519.60ಕ್ಕೂ 524.256ಕ್ಕೂ ನಡುವಿನ 4.656 ಮೀಟರ್ ಎತ್ತರದ ಪಟ್ಟಿ ಇಂದಿಗೆ ಒಣನೆಲ. ಅಲ್ಲಿ ಗುಡಿಗಳಿವೆ, ಮನೆಗಳಿವೆ, ಉಳುವ ಹೊಲಗಳಿವೆ. ಮಟ್ಟ ಏರಿದ ಮೇಲೆ ನೀರು ಏರಿಳಿಯುವ, ಅಲೆ ಬಡಿಯುವ ಅಂಚು ಇದೇ ಪಟ್ಟಿಗೆ ಸರಿಯುತ್ತದೆ. ಈಗ ತಗ್ಗಿನಲ್ಲಿರುವ 514 ಮೀಟರಿನ ಜಗಲಿಯ ಮೇಲೆ 10 ಮೀಟರ್‌ಗೂ ಮಿಕ್ಕಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಅದು ಬಯಲಾಗುವ ಅವಧಿಯೂ ಕುಗ್ಗಬಹುದು. ಮೇಲಿನ ಪಟ್ಟಿಯನ್ನು ಅಳೆಯಲು ಸಿಲಿಂಡರ್ ಬೇಡ, ಸೋನಾರ್ ಬೇಡ, ದೋಣಿಯೂ ಬೇಡ. ಜಿಲ್ಲೆಯ ಕಾಲೇಜುಗಳ ಇತಿಹಾಸ ಮತ್ತು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಟೇಪು ಹಿಡಿದು ನಡೆದರೆ ಒಂದೆರಡು ಬೇಸಿಗೆಯಲ್ಲಿ ಮುಗಿಯುವ ಕೆಲಸ ಅದು. ಪ್ರತಿ ಹಾಳೆಯ ಮೇಲ್ತುದಿಯಲ್ಲಿ ದಿನಾಂಕ, ಅಂದಿನ ಜಲಾಶಯದ ಮಟ್ಟ, ಅಳೆದವರ ಹೆಸರು. ಹುಡುಕಿಯೂ ಏನೂ ಸಿಗದ ಜಾಗಗಳ ಉಲ್ಲೇಖವೂ ಇರಬೇಕು. ಒಂದು ಪ್ರತಿ ಪುರಾತತ್ವ ಇಲಾಖೆಗೆ, ಒಂದು ಪ್ರತಿ ಆಯಾ ಊರಿನ ಶಾಲೆಗೆ.